ಬೆಟ್ಟದ ಮೇಲಿನ ಮನೆಯಲ್ಲಿ ಸಂಕೇತ ಎಲ್ಲಿದೆ?

ಪ್ರಶ್ನೆ: ನಮ್ಮದು ಆಲೂರು ತಾಲ್ಲೂಕಿನ ಒಂದು ಹಳ್ಳಿ. ಕಾಫಿ ತೋಟದ ಅಂಚಿನಲ್ಲಿ ಮನೆ. ಒಂಬತ್ತನೇ ತರಗತಿಯ ಮಗಳಿಗೆ ಘಟಕ ಪರೀಕ್ಷೆಯಲ್ಲಿ ಅಕ್ಕಮಹಾದೇವಿಯ ‘ಬೆಟ್ಟದ ಮೇಲೊಂದು ಮನೆಯ ಮಾಡಿ’ ವಚನದ ಸಂಕೇತಗಳನ್ನು ವಿವರಿಸಿ ಎಂದು ಕೇಳಿದ್ದರು. ಬೆಟ್ಟ ಎಂದರೆ ಅಹಂಕಾರ, ಮೃಗ ಎಂದರೆ ಅರಿಷಡ್ವರ್ಗ, ಸಮುದ್ರ ಎಂದರೆ ಸಂಸಾರ, ಸಂತೆ ಎಂದರೆ ಮಾಯೆ ಅಂತ ಗೈಡಿನಲ್ಲಿದೆ. ಅವಳು ಅದನ್ನು ಬರೆಯದೆ, ‘ನಮ್ಮ ಮನೆ ಹತ್ತಿರ ಆನೆ ಬರುತ್ತದೆ. ಅಲ್ಲಿ ಮನೆ ಕಟ್ಟಿದ್ದು ನಾವೇ. ಆದರೂ ಹೆದರಿಕೆ ಆಗುತ್ತದೆ. ಅಕ್ಕ ಹೆದರಬಾರದು ಅಂದರೆ ಹೇಗೆ?’ ಎಂದು ಬರೆದು ಬಂದಳು. ನಾಲ್ಕಕ್ಕೆ ಒಂದು ಅಂಕ ಬಂತು. ಗೈಡು ಸರಿಯೋ, ಮಗಳು ಸರಿಯೋ? ಇನ್ನೊಂದು, ಅಕ್ಕ ಸಮುದ್ರ ನೋಡಿದ್ದಳಾ ಅಂತ ಅವಳು ಕೇಳುತ್ತಾಳೆ. ಅದಕ್ಕೂ ಉತ್ತರ ಹೇಳಿ.

ಉತ್ತರ: ತಾಯಿ, ಆ ಅಂಕ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಕನ್ನಡ ಪಾಠ ಮಾಡಿಕೊಂಡೇ ಹಾಸನದಲ್ಲಿ ಕೆಲಸ ಮುಗಿಸಿದವನು ನಾನು. ರಾತ್ರಿ ಹನ್ನೊಂದರ ಮೇಲೆ, ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಇನ್ನೂ ಅರ್ಧ ಉಳಿದಿರುವಾಗ, ಗೈಡಿನ ನಾಲ್ಕು ಪದ ಕಣ್ಣಿಗೆ ಬಿದ್ದರೆ ಅಂಕ, ಬೀಳದಿದ್ದರೆ ಇಲ್ಲ ಎಂದು ನಾನೂ ಕೆಂಪು ಗೀಟು ಎಳೆದಿದ್ದೇನೆ. ನಿಮ್ಮ ಮಗಳ ಉತ್ತರ ಓದಿದಾಗ ಅಂಥ ಎಷ್ಟು ಮಕ್ಕಳ ಅಂಕ ಕಡಿದೆನೋ ಅನ್ನಿಸಿತು. ಅವಳಿಗೆ ನಾನಾಗಿದ್ದರೆ ಮೂರು ಕೊಡುತ್ತಿದ್ದೆ. ಉಳಿದ ಒಂದು ಯಾಕೆ ಹೋಗುತ್ತಿತ್ತು ಎನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ವಚನ ಮುಂದಿಟ್ಟುಕೊಳ್ಳೋಣ.

ಬೆಟ್ಟದ ಮೇಲೊಂದು ಮನೆಯ ಮಾಡಿ,
ಮೃಗಗಳಿಗಂಜಿದಡೆಂತಯ್ಯಾ?
ಸಮುದ್ರದ ತಡಿಯಲೊಂದು ಮನೆಯ ಮಾಡಿ,
ನೊರೆತೆರೆಗಳಿಗಂಜಿದಡೆಂತಯ್ಯಾ?
ಸಂತೆಯೊಳಗೊಂದು ಮನೆಯ ಮಾಡಿ,
ಶಬ್ದಕ್ಕೆ ನಾಚಿದಡೆಂತಯ್ಯಾ?
ಚೆನ್ನಮಲ್ಲಿಕಾರ್ಜುನದೇವ ಕೇಳಯ್ಯಾ,
ಲೋಕದೊಳಗೆ ಹುಟ್ಟಿದ ಬಳಿಕ
ಸ್ತುತಿ ನಿಂದೆಗಳು ಬಂದಡೆ
ಮನದಲ್ಲಿ ಕೋಪವ ತಾಳದೆ
ಸಮಾಧಾನಿಯಾಗಿರಬೇಕು.

ಕೆಲವು ಮುದ್ರಣಗಳಲ್ಲಿ ‘ಅಂಜಿದಡೆ’ ಬದಲು ‘ಅಂಜಿದೊಡೆ’ ಎಂದಿರುತ್ತದೆ. ಎರಡೂ ಇವತ್ತಿನ ‘ಅಂಜಿದರೆ’ಯೇ. ಸಾಲು ಮುರಿದದ್ದು, ಪ್ರಶ್ನೆಯ ಕೊಕ್ಕೆ ಹಾಕಿದ್ದು ಎಲ್ಲವೂ ಸಂಪಾದಕರ ಕೆಲಸ. ತಾಳೆಗರಿಯಲ್ಲಿ ಅವು ಇರಲಿಲ್ಲ. ಹಾಗಾಗಿ ಇದನ್ನು ಹೇಗೆ ನಿಲ್ಲಿಸಿ ಓದಬೇಕು ಎನ್ನುವುದು ಬಾಯಿಗೆ ಬಿಟ್ಟದ್ದು. ಮಗಳಿಗೆ ಒಮ್ಮೆ ಜೋರಾಗಿ ಓದಲು ಹೇಳಿ. ಮುಂದಿನ ಅರ್ಧ ಮಾತು ಆಗ ತಾನಾಗಿ ಹೊಳೆಯುತ್ತದೆ.

ಈಗ ಗೈಡಿನ ವಿಷಯ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನಿಮ್ಮ ಮಗಳು ದೃಷ್ಟಾಂತಾಲಂಕಾರದ ಪಾಠದಲ್ಲಿ ಓದಿರುತ್ತಾಳೆ. ಎರಡು ವಾಕ್ಯ ಎದುರುಬದುರು ನಿಂತಿವೆ. ಒಂದು ಇನ್ನೊಂದರ ಬಿಂಬದ ಹಾಗೆ ಕಾಣುತ್ತದೆ. ಅಲ್ಲಿ ಯಾರಾದರೂ ‘ಊಟ ಯಾವುದರ ಸಂಕೇತ? ರೋಗ ಯಾವುದರ ಪ್ರತೀಕ?’ ಎಂದು ಕೇಳುತ್ತಾರೆಯೇ? ಊಟ ಊಟವೇ, ರೋಗ ರೋಗವೇ. ಊಟ ನಿಜವಾದ ಊಟವಾಗಿದ್ದರೆ ಮಾತ್ರ ಮಾತಿನ ವಿಷಯ ತಲೆಗೆ ಹೋಗುತ್ತದೆ. ಅಕ್ಕನ ಮೊದಲ ಮೂರು ವಾಕ್ಯಗಳು ಇದೇ ಜಾತಿಯವು. ಬೆಟ್ಟ ಕಲ್ಲುಮಣ್ಣಿನ ಬೆಟ್ಟ. ಮೃಗ ಹಲ್ಲುಗುರು ಇರುವ ಮೃಗ. ಬೆಟ್ಟವನ್ನು ಅಹಂಕಾರ ಮಾಡಿದಿರೋ, ವಾಕ್ಯ ಕುಸಿಯುತ್ತದೆ. ‘ಅಹಂಕಾರದ ಮೇಲೊಂದು ಮನೆ ಮಾಡಿ ಅರಿಷಡ್ವರ್ಗಕ್ಕೆ ಅಂಜಿದರೆ ಹೇಗಯ್ಯಾ’ ಎಂದು ಓದಿ ನೋಡಿ. ಅಹಂಕಾರದಲ್ಲಿ ವಾಸವಿದ್ದು ಕಾಮಕ್ರೋಧಗಳಿಗೆ ಹೆದರಬೇಡ ಎಂದ ಹಾಗಾಯಿತು! ಯಾವ ಶರಣೆಯೂ ಹೇಳದ ಮಾತು ಅದು. ಗೈಡು ಬರೆದವರು ಒಂದೊಂದು ಪದಕ್ಕೆ ಒಂದೊಂದು ಬೆಲೆಚೀಟಿ ಅಂಟಿಸಿದರೇ ಹೊರತು, ಅಂಟಿಸಿದ ಮೇಲೆ ವಾಕ್ಯವನ್ನು ತಿರುಗಿ ಓದಲಿಲ್ಲ.

ವಚನಗಳಲ್ಲಿ ‘ಇದು ಎಂದರೆ ಅದು’ ಎನ್ನುವ ಲೆಕ್ಕ ಇಲ್ಲವೇ ಇಲ್ಲ ಎಂದು ಇದರ ಅರ್ಥವಲ್ಲ. ಧಾರಾಳವಾಗಿದೆ. ಆದರೆ ಅಂಥ ಕಡೆ ವಚನಕಾರರು ಸಾಮಾನ್ಯವಾಗಿ ಬಾಯಿಬಿಟ್ಟೇ ಹೇಳುತ್ತಾರೆ. ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಶವಯ್ಯಾ’ ಎನ್ನುವಾಗ ಬಸವಣ್ಣ ಸಮೀಕರಣವನ್ನು ತಾನೇ ಬರೆದುಕೊಟ್ಟಿದ್ದಾನೆ. ಅದು ರೂಪಕ. ಬೇಲೂರಿನ ಚೆನ್ನಕೇಶವ ಗುಡಿಗೆ ವಿಷ್ಣುವರ್ಧನ ಕಲ್ಲು ಹಾಕಿಸಿದ್ದು 1117ರಲ್ಲಿ. ಉಳ್ಳವರು ದೇವಾಲಯ ಕಟ್ಟಿಸುತ್ತಿದ್ದ ಆ ಶತಮಾನದಲ್ಲೇ ಈ ಮಾತು ಹುಟ್ಟಿತು ಎಂಬುದು ನಮ್ಮ ಜಿಲ್ಲೆಯ ಮಕ್ಕಳಿಗೆ ಬೇಗ ಅರ್ಥವಾಗಬೇಕು, ಕಂಬ ಕಳಶಗಳನ್ನು ಕಣ್ಣಾರೆ ಕಂಡವರು ಅವರು. ‘ಸಂಸಾರವೆಂಬ ಸರ್ಪ ಮುಟ್ಟಲು’ ಎನ್ನುವಲ್ಲಿ ‘ಎಂಬ’ ಎನ್ನುವ ಪದ ಕುಳಿತಿದೆ. ಕನ್ನಡದಲ್ಲಿ ರೂಪಕದ ಬಾಗಿಲಿಗೆ ಹಾಕಿದ ಚಿಲಕ ಅದು. ಅಕ್ಕನ ಈ ವಚನದಲ್ಲಿ ಒಂದೇ ಒಂದು ‘ಎಂಬ’ ಇಲ್ಲ.

ಸಮುದ್ರ ಎಂದರೆ ಸಂಸಾರ ಎಂಬುದು ಗೈಡಿಗೆ ಎಲ್ಲಿಂದ ಬಂತು ಎನ್ನುವುದನ್ನೂ ಊಹಿಸಬಹುದು. ‘ಸಂಸಾರಸಾಗರದ ತೆರೆ ಕೊಬ್ಬಿ ಮುಖದ ಮೇಲೆ ಅಲೆವುತ್ತಿದೆ ನೋಡಾ’ ಎಂದು ಬಸವಣ್ಣನೇ ಹೇಳಿದ್ದಾನೆ. ಅಲ್ಲಿ ಅದು ಸರಿ. ಮನುಷ್ಯ ನೀರೊಳಗಿದ್ದಾನೆ, ಎದೆಯುದ್ದವೋ ಕೊರಳುದ್ದವೋ ಎಂದು ಅಳೆಯುತ್ತಿದ್ದಾನೆ, ಮುಳುಗುತ್ತಿದ್ದಾನೆ. ಅಕ್ಕನ ವಚನದಲ್ಲಿ ಯಾರೂ ಮುಳುಗುತ್ತಿಲ್ಲ. ದಡದಲ್ಲಿ ಮನೆ ಕಟ್ಟಿಕೊಂಡು ಕೂತಿದ್ದಾರೆ. ಒಂದು ವಚನದ ಬೀಗದ ಕೈಯನ್ನು ಇನ್ನೊಂದು ವಚನಕ್ಕೆ ಹಾಕಿ ತಿರುಗಿಸಿದರೆ ಕೈ ಮುರಿಯುತ್ತದೆ.

ಬೇಕಿದ್ದರೆ ಅಲ್ಲಮನನ್ನು ಕೇಳಿ. ಅವನಲ್ಲೂ ಬೆಟ್ಟ, ಸಮುದ್ರ ಎರಡೂ ಒಟ್ಟಿಗೆ ಬರುತ್ತವೆ. ‘ಬೆಟ್ಟದ ಮೇಲಣ ನೆಲ್ಲಿಯ ಕಾಯಿ, ಸಮುದ್ರದೊಳಗಣ ಉಪ್ಪು, ಎತ್ತಣಿಂದೆತ್ತ ಸಂಬಂಧವಯ್ಯಾ?’ ಎಲ್ಲೋ ಬೆಟ್ಟದಲ್ಲಿ ಬಿಟ್ಟ ಕಾಯಿ, ಎಲ್ಲೋ ಕಡಲಲ್ಲಿ ಕಟ್ಟಿದ ಉಪ್ಪು, ಎರಡೂ ನಿಮ್ಮ ಅಡುಗೆಮನೆಯ ಭರಣಿಯಲ್ಲಿ ಕೂಡುತ್ತವೆ. ನನಗೂ ದೇವರಿಗೂ ಇರುವ ನಂಟು ಅಂಥದ್ದು ಎನ್ನುತ್ತಾನೆ ಅಲ್ಲಮ. ಇಲ್ಲಿ ಬೆಟ್ಟ ಅಹಂಕಾರವಾದರೆ ನೆಲ್ಲಿಕಾಯಿ ಏನಾಗಬೇಕು? ಬೆಟ್ಟಕ್ಕೆ ಅಲ್ಲಮನ ಹತ್ತಿರ ಒಂದು ಕೆಲಸ, ಅಕ್ಕನ ಹತ್ತಿರ ಇನ್ನೊಂದು ಕೆಲಸ.

ಹಾಗಾದರೆ ಈ ಚೀಟಿ ಅಂಟಿಸುವ ಚಟ ಎಲ್ಲಿಂದ ಬಂತು? ಬೆಡಗಿನ ವಚನಗಳಿಂದ ಎಂದು ನನ್ನ ತರ್ಕ. ಅಲ್ಲಮನೇ ಮೊದಲಾದವರು ಬರೆದ ಒಗಟಿನಂಥ ವಚನಗಳಿವೆ. ಕಪ್ಪೆ, ಸರ್ಪ, ಕೋಡಗ, ಆನೆ ಎಲ್ಲ ಲೋಕದಲ್ಲಿ ನಡೆಯದ ಕೆಲಸ ಮಾಡುತ್ತವೆ. ಅವಕ್ಕೆ ಹಿಂದಿನವರೇ ಟೀಕೆ ಬರೆದರು, ಇದು ಇಂಥದ್ದು ಅದು ಅಂಥದ್ದು ಎಂದು ಬಿಡಿಸಿದರು. ಅಲ್ಲಿ ಟೀಕೆ ಬೇಕು, ಇಲ್ಲದಿದ್ದರೆ ಬಾಗಿಲೇ ತೆರೆಯದು. ಬೀಗವೇ ಇಲ್ಲದ ಮನೆಗೂ ಅದೇ ಕೀಲಿಕೈ ಗೊಂಚಲು ಹಿಡಿದು ಹೊರಟಾಗ ತೊಂದರೆ ಶುರು. ಬೆಟ್ಟದಲ್ಲಿ ಮೃಗವಿರುವುದು, ಕಡಲಲ್ಲಿ ತೆರೆಯೇಳುವುದು, ಸಂತೆಯಲ್ಲಿ ಗದ್ದಲವಿರುವುದು ಲೋಕದಲ್ಲಿ ನಡೆಯದ ಸಂಗತಿಗಳೇನೂ ಅಲ್ಲವಲ್ಲ.

ನಿಮ್ಮ ಮಗಳ ಆನೆಗೆ ಬರೋಣ. ಆಲೂರು, ಸಕಲೇಶಪುರ, ಬೇಲೂರು ಕಡೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಹಲಸು ಹಣ್ಣಾದರೆ, ಭತ್ತ ಹಾಲುಗಟ್ಟಿದರೆ ಯಾರ ಗದ್ದೆಗೆ ರಾತ್ರಿ ಯಾವ ಗುಂಪು ಇಳಿದೀತು ಎಂಬ ಮಾತೇ ಮಾತು. ಆನೆ ಎಲ್ಲಿದೆ ಎಂದು ಫೋನಿಗೆ ಬರುವ ಸಂದೇಶ ನೋಡಿಯೇ ಬೆಳಿಗ್ಗೆ ಹೊರಗೆ ಕಾಲಿಡುವುದು, ಮಕ್ಕಳನ್ನು ಬಸ್ಸಿನವರೆಗೆ ಯಾರಾದರೂ ದೊಡ್ಡವರು ಬಿಟ್ಟು ಬರುವುದು. ಅಲ್ಲಿ ಬೆಳೆದ ಹುಡುಗಿ ‘ಮೃಗಗಳಿಗಂಜಿದಡೆಂತಯ್ಯಾ’ ಎಂಬ ಸಾಲನ್ನು ಓದಿ ಸುಮ್ಮನಿದ್ದಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು. ಬೆಂಗಳೂರಿನ ಮಗುವಿಗೆ ಸಿಗದ ಒಂದು ಸವಲತ್ತು ಅವಳಿಗಿದೆ. ಈ ಸಾಲಿನ ಮೃಗ ಅವಳಿಗೆ ಗೊತ್ತು.

ಈ ಸಾಲಿನಲ್ಲಿ ಅವಳು ಎಡವಿದ್ದು ಒಂದೇ ಕಡೆ. ಅಕ್ಕ ‘ಹೆದರಬಾರದು’ ಎಂದು ಎಲ್ಲಿಯೂ ಹೇಳಿಲ್ಲ. ‘ಅಂಜಿದಡೆಂತು’ ಎಂದಿದ್ದಾಳೆ. ಎಂತು ಎಂದರೆ ಹೇಗೆ. ಮಲೆನಾಡಿನವರ ಬಾಯಲ್ಲಿ ‘ಎಂತಕ್ಕೆ’, ‘ಎಂತ ಮಾಡೋದು’ ಎಂದು ಈಗಲೂ ಓಡಾಡುವ ‘ಎಂತ’ ಇದರ ಹತ್ತಿರದ ನಂಟ. ‘ಅಂಜಿದರೆ ಹೇಗಯ್ಯಾ?’ ಎಂಬುದಕ್ಕೂ ‘ಅಂಜಬೇಡ’ ಎಂಬುದಕ್ಕೂ ದೂರವಿದೆ. ಮೊದಲನೆಯದು ಹೆದರಿಕೆ ಇದೆ ಎಂದು ಒಪ್ಪಿಕೊಂಡೇ ಮಾತಾಡುತ್ತದೆ. ಹೆದರಿ ಕೂತರೆ ಬದುಕು ನಡೆಯುವುದು ಹೇಗೆ ಎಂದು ಕೇಳುತ್ತದೆ. ‘ಹೊಳೆಗೆ ಇಳಿದ ಮೇಲೆ ಚಳಿ ಅಂದರೆ ಹೇಗೆ’ ಎಂದು ನಿಮ್ಮ ಮನೆಯ ಅಜ್ಜಿ ಅಂದರೆ, ಚಳಿ ಇಲ್ಲ ಎಂದು ಅವರು ಹೇಳಿದ ಹಾಗಾಯಿತೇ? ನಿಮ್ಮೂರಿನವರು ಆನೆಗೆ ಹೆದರುತ್ತಾರೆ. ಆದರೂ ಬೆಳಗಾದರೆ ತೋಟಕ್ಕೆ ಹೋಗುತ್ತಾರೆ, ಕಾಫಿ ಕೊಯ್ಯುತ್ತಾರೆ, ಸಂಜೆ ಬೇಗ ಮನೆ ಸೇರುತ್ತಾರೆ. ಅಕ್ಕನ ಪ್ರಶ್ನೆಗೆ ಅದೇ ಉತ್ತರ.

ಅಕ್ಕನಿಗೆ ಕಾಡು ಗೊತ್ತಿರಲಿಲ್ಲವೇ ಎಂಬ ಅನುಮಾನವೂ ಬೇಡ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿ ಅವಳ ಊರೆಂದು ಪರಂಪರೆ ಹೇಳುತ್ತದೆ. ಅಲ್ಲಿಂದ ಕಲ್ಯಾಣ, ಕಲ್ಯಾಣದಿಂದ ಶ್ರೀಶೈಲ. ಗಿಳಿ, ಕೋಗಿಲೆ, ತುಂಬಿ, ಹಂಸೆ, ಗಿರಿಗಹ್ವರದೊಳಗೆ ಆಡುವ ನವಿಲು, ಒಂದೊಂದನ್ನೂ ನಿಲ್ಲಿಸಿ ‘ನೀವು ಕಾಣಿರೆ’ ಎಂದು, ತನ್ನ ಗಂಡನೆಂದು ನಂಬಿದ ಚೆನ್ನಮಲ್ಲಿಕಾರ್ಜುನನ ವಿಳಾಸ ಕೇಳಿದವಳು ಅವಳು.

ನಾನು ಮೊದಲೇ ಜೋರಾಗಿ ಓದಿಸಿ ಎಂದದ್ದು ಯಾಕೆ ಎಂದರೆ, ಕಣ್ಣಿಗಿಂತ ಕಿವಿಗೆ ಬೇಗ ಸಿಗುವ ಕೆಲವು ಸಂಗತಿಗಳು ಇದರಲ್ಲಿವೆ. ಜಾಗದ ಪದಗಳನ್ನು ಗಮನಿಸಿ. ಬೆಟ್ಟದ ಮೇಲೆ. ಸಮುದ್ರದ ತಡಿಯಲ್ಲಿ. ಸಂತೆಯೊಳಗೆ. ಲೋಕದೊಳಗೆ. ಮೇಲಿನಿಂದ ಅಂಚಿಗೆ, ಅಂಚಿನಿಂದ ಒಳಕ್ಕೆ ಬರುತ್ತಿದ್ದೇವೆ. ಬೆಟ್ಟದಿಂದ ಇಳಿಯಬಹುದು, ದಡದಿಂದ ಹಿಂದೆ ಸರಿಯಬಹುದು, ಸಂತೆಯ ಒಳಗಿಂದ ಹೊರಬರಲು ಜನರನ್ನು ತಳ್ಳಿಕೊಂಡು ನಡೆಯಬೇಕು. ಲೋಕದ ಒಳಗಿನಿಂದ ಎಲ್ಲಿಗೆ ಬರುವುದು? ಒಂದೊಂದು ವಾಕ್ಯಕ್ಕೂ ಹೊರದಾರಿ ಕಿರಿದಾಗುತ್ತ ಹೋಗುತ್ತದೆ.

ಹಿಂಸೆ ಕೊಡುವ ವಸ್ತು ಮಾತ್ರ ಉಲ್ಟಾ ದಾರಿ ಹಿಡಿದಿದೆ. ಮೃಗ ಮೈಮೇಲೆ ಬಂದರೆ ಜೀವ ಹೋದೀತು. ತೆರೆ ಬಂದರೆ ಮೈ ಒದ್ದೆ, ದೊಡ್ಡದಾದರೆ ಗೋಡೆಗೆ ಪೆಟ್ಟು. ಅದರಲ್ಲೂ ಅಕ್ಕ ‘ನೊರೆ’ಯನ್ನು ಸೇರಿಸಿದ್ದಾಳೆ. ಮುಟ್ಟಿದರೆ ಒಡೆಯುವ ನೊರೆಗೆ ಅಂಜುವವರೂ ಇದ್ದಾರೆಯೇ ಎಂಬ ಸಣ್ಣ ನಗು ಅಲ್ಲಿ ನನಗೆ ಕೇಳಿಸುತ್ತದೆ. ಶಬ್ದ ಬಂದರೆ ಕಿವಿ ಮಾತ್ರ ನೋಯುತ್ತದೆ. ಕೊನೆಗೆ ಬರುವ ಸ್ತುತಿ ನಿಂದೆಗಳು ಕಿವಿಗೂ ಪೆಟ್ಟು ಕೊಡುವುದಿಲ್ಲ, ಬರಿಯ ಮಾತು. ಹೊರಗಿನ ವಸ್ತು ಹೀಗೆ ಗಟ್ಟಿಯಿಂದ ತೆಳುವಾಗುತ್ತಾ ಹೋದಂತೆ ಅದು ಮನುಷ್ಯನ ಒಳಕ್ಕೆ ಇಳಿಯುತ್ತದೆ. ಆನೆಗೆ ಹೆದರಿದವನು ಆನೆ ಹೋದ ಮೇಲೆ ಮಲಗುತ್ತಾನೆ. ಮದುವೆ ಮನೆಯಲ್ಲಿ ಯಾರೋ ಅಂದ ಒಂದು ಮಾತು ಹತ್ತು ವರ್ಷ ನಿದ್ದೆ ಕೆಡಿಸುತ್ತದೆ.

ಕ್ರಿಯಾಪದವೂ ಬದಲಾಗಿದೆ ನೋಡಿ. ಅಂಜು, ಅಂಜು, ಆಮೇಲೆ ನಾಚು. ಗದ್ದಲಕ್ಕೆ ಯಾರಾದರೂ ನಾಚುತ್ತಾರೆಯೇ? ಬೇಸರವಾಗಬಹುದು, ತಲೆನೋವು ಬರಬಹುದು. ಹಾಸನದ ಸಂತೇಪೇಟೆಯಲ್ಲಿ ಸೊಪ್ಪಿನವರ ಕೂಗು, ಹಣ್ಣಿನ ಗಾಡಿಯ ಮೈಕು ಕೇಳಿ ನಾಚಿದವರನ್ನು ನಾನು ಕಂಡಿಲ್ಲ. ನಾಚಿಕೆ ಬರುವುದು ಆ ಶಬ್ದ ತನ್ನ ಬಗ್ಗೆ ಆಗಿದ್ದಾಗ. ಸಂತೆಯಲ್ಲಿ ನಿಂತ ಒಬ್ಬ ಹೆಂಗಸಿನ ಮೇಲೆ ಬೀಳುವ ಮಾತುಗಳು, ಸೀಟಿ, ನಗು. ಅಕ್ಕ ಉಟ್ಟ ಬಟ್ಟೆ ಬಿಟ್ಟು, ಕೂದಲನ್ನೇ ಹೊದ್ದು ನಡೆದಳು ಎಂಬ ಕಥೆ ಎಲ್ಲರಿಗೂ ಗೊತ್ತು. ಇನ್ನೊಂದು ವಚನದಲ್ಲಿ ಅವಳೇ ‘ಚೆನ್ನಮಲ್ಲಿಕಾರ್ಜುನದೇವರ ಬೆಳಗನುಟ್ಟು ಲಜ್ಜೆಗೆಟ್ಟವಳಿಗೆ ಉಡುಗೆ ತೊಡುಗೆಯ ಹಂಗೇಕೋ ಮರುಳೆ’ ಎಂದು ಎದುರಿನವನ ಬಾಯಿ ಮುಚ್ಚಿಸಿದ್ದಾಳೆ. ಆ ಬದುಕನ್ನು ಬದಿಗಿಟ್ಟು ಈ ‘ನಾಚಿದಡೆ’ಯನ್ನು ಓದಲು ನನಗೆ ಆಗುವುದಿಲ್ಲ. ಸಂತೆಯ ಸಾಲು ಮೊದಲೆರಡರಂತೆ ಬರಿಯ ಉದಾಹರಣೆ ಅಲ್ಲ, ಮೈಮೇಲೆ ಬಂದು ಹೋದದ್ದು.

ಇಷ್ಟು ಹೊತ್ತು ಸಂಕೇತ ಇಲ್ಲ ಇಲ್ಲ ಎಂದೆ. ಇದೆ, ತಾಯಿ. ಗೈಡು ಕೈಯಿಡದ ಒಂದು ಪದದಲ್ಲಿದೆ. ಬೆಟ್ಟ ಒಂದು ಸಲ ಬಂತು, ಸಮುದ್ರ ಒಂದು ಸಲ, ಸಂತೆ ಒಂದು ಸಲ. ಮೂರು ಸಲ ಬಂದದ್ದು ಯಾವುದು? ಮನೆ. ‘ಮನೆಯ ಮಾಡಿ’, ‘ಮನೆಯ ಮಾಡಿ’, ‘ಮನೆಯ ಮಾಡಿ’. ಬೆಟ್ಟ ಸಮುದ್ರಗಳ ಅರ್ಥ ಹುಡುಕುವ ಭರದಲ್ಲಿ ಮನೆಯನ್ನು ದಾಟಿಕೊಂಡು ಹೋಗಿಬಿಡುತ್ತೇವೆ. ಸಣ್ಣ ಕವಿತೆಯಲ್ಲಿ ಸಂಕೇತ ಹುಡುಕುವವರು ನಿಘಂಟು ತೆರೆಯುವ ಮೊದಲು ಮಾಡಬೇಕಾದ ಕೆಲಸ ಇದು. ಯಾವುದು ಮತ್ತೆ ಮತ್ತೆ ಬಂತು, ಬರಬೇಕಾದ ಕಡೆ ಯಾವುದು ಬರಲಿಲ್ಲ ಎಂದು ಎಣಿಸುವುದು.

ನಾಲ್ಕನೆಯ ಸಲ ಮನೆ ಬರಬೇಕಿತ್ತು. ಕಿವಿ ಕಾಯುತ್ತದೆ. ‘ಲೋಕದೊಳಗೊಂದು ಮನೆಯ ಮಾಡಿ’ ಎಂದಿದ್ದರೆ ಲಯಕ್ಕೂ ಸರಿಹೋಗುತ್ತಿತ್ತು. ಅಕ್ಕ ಹಾಗೆ ಹೇಳಲಿಲ್ಲ. ‘ಲೋಕದೊಳಗೆ ಹುಟ್ಟಿದ ಬಳಿಕ’ ಎಂದಳು. ಮನೆ ಮಾಡುವುದು ನಮ್ಮ ಆಯ್ಕೆ. ಬೆಟ್ಟ ಬೇಡವಾದರೆ ಬಯಲಿಗೆ ಬರಬಹುದು, ಸಂತೆ ಬೇಡವಾದರೆ ಊರಾಚೆ ಹೋಗಬಹುದು. ಹುಟ್ಟನ್ನು ಯಾರು ಆರಿಸಿಕೊಂಡರು? ಈ ಒಂದು ಪದ ಬದಲಾದ ಕ್ಷಣ ಹಿಂದಿನ ಮೂರೂ ವಾಕ್ಯಗಳಿಗೆ ಬೇರೆ ಬಣ್ಣ ಬರುತ್ತದೆ. ನೀನೇ ಕಟ್ಟಿಕೊಂಡ ಮನೆಯಲ್ಲೇ ಅಂಜಿದರೆ ನಡೆಯದು ಎಂದ ಮೇಲೆ, ಕಟ್ಟದೆಯೇ ಸಿಕ್ಕಿದ, ಬಿಟ್ಟು ಹೋಗಲಾಗದ ಈ ಮನೆಯಲ್ಲಿ ಇನ್ನೇನು ಮಾಡುತ್ತೀಯೆ? ದೃಷ್ಟಾಂತ ಎಂದರೆ ಎರಡೂ ಕಡೆ ತೂಕ ಸಮ ಇರಬೇಕು ಎನ್ನುತ್ತದೆ ಪಾಠಪುಸ್ತಕ. ಅಕ್ಕ ಬೇಕೆಂದೇ ತಕ್ಕಡಿಯನ್ನು ಒಂದು ಕಡೆಗೆ ವಾಲಿಸಿದ್ದಾಳೆ ಎಂಬುದು ನನ್ನ ಓದು.

ಮನೆಯ ವಿಷಯದಲ್ಲಿ ಅವಳದೇ ಸಾಕ್ಷಿ ಇದೆ. ‘ತೆರಣಿಯ ಹುಳು’ ಎಂದು ಶುರುವಾಗುವ ವಚನದಲ್ಲಿ ರೇಷ್ಮೆ ಹುಳು ‘ಮನೆಯ ಮಾಡಿ, ತನ್ನ ನೂಲು ತನ್ನನೆ ಸುತ್ತಿ’ ಸಾಯುತ್ತದೆ. ಅದೇ ಮಾತು, ಅಕ್ಷರ ಸಹಿತ ‘ಮನೆಯ ಮಾಡಿ’. ಪ್ರೀತಿಯಿಂದ ಕಟ್ಟಿಕೊಂಡ ಗೂಡೇ ಕೊರಳಿಗೆ ಉರುಳು. ಇನ್ನೊಂದು ಕಡೆ ಅವಳು ತನಗೆ ಬೇಕಾದ್ದರ ಪಟ್ಟಿ ಕೊಡುತ್ತಾಳೆ. ಹಸಿವಾದರೆ ಭಿಕ್ಷಾನ್ನ, ಬಾಯಾರಿದರೆ ಕೆರೆ ಹಳ್ಳ ಬಾವಿ, ‘ಶಯನಕ್ಕೆ ಹಾಳುದೇಗುಲಗಳುಂಟು’. ಆ ಪಟ್ಟಿಯಲ್ಲಿ ಮನೆ ಇಲ್ಲ. ಅಪ್ಪನ ಮನೆ ಬಿಟ್ಟು, ಅರಸ ಕೌಶಿಕನ ಅರಮನೆ ಬಿಟ್ಟು, ಗುಡಿಯ ಜಗುಲಿಯಲ್ಲಿ ಮಲಗಿದವಳು ಒಂದು ಸಣ್ಣ ವಚನದಲ್ಲಿ ಮೂರು ಸಲ ಮನೆ ಮನೆ ಮನೆ ಎನ್ನುತ್ತಾಳೆ. ಹಾಗೆ ಅಂದು, ನಾಲ್ಕನೆಯದರಲ್ಲಿ ಮನೆಯನ್ನು ಕಿತ್ತು ಹಾಕುತ್ತಾಳೆ. ಸಂಕೇತ ಬೇಕೆಂದರೆ ಅದನ್ನು ಇಲ್ಲಿ ಹುಡುಕಬೇಕು.

‘ಸ್ತುತಿ ನಿಂದೆ’ ಎಂಬಲ್ಲಿ ಒಂದು ತೊಡಕಿದೆ, ತರಗತಿಯಲ್ಲಿ ಜಾಣ ಮಕ್ಕಳು ಕೇಳಿಯೇ ಕೇಳುತ್ತಿದ್ದರು. ನಿಂದೆ ಬಂದರೆ ಕೋಪ ಸರಿ ಸಾರ್, ಹೊಗಳಿದರೆ ಯಾರಿಗೆ ಕೋಪ ಬರುತ್ತದೆ? ಸ್ತುತಿಯೂ ನಿಂದೆಯೂ ಒಂದೇ ಎಂದು ಬಾಳುವುದು ದೊಡ್ಡವರ ಲಕ್ಷಣ ಎಂಬ ಹಳೆಯ ಜೋಡಿಪದ ಅದು, ಹಾಗಾಗಿ ಒಟ್ಟಿಗೆ ಬಂದಿದೆ ಎಂದು ನಾನು ಬಹಳ ಕಾಲ ಜಾರಿಕೊಂಡೆ. ಈಗ ಹಾಗನ್ನಿಸುವುದಿಲ್ಲ. ಬಸವಣ್ಣ ಹೊಗಳಿಕೆಯನ್ನು ಹೊನ್ನಶೂಲ ಎಂದ, ಚಿನ್ನದ್ದಾದರೇನು, ಶೂಲ ಶೂಲವೇ. ಅಕ್ಕನ ಬದುಕಿನಲ್ಲಿ ಕಷ್ಟ ಶುರುವಾದದ್ದೇ ಸ್ತುತಿಯಿಂದ. ಅವಳ ರೂಪವನ್ನು ಅರಸನೊಬ್ಬ ಮೆಚ್ಚಿದ. ಬೇಡದ ಮೆಚ್ಚುಗೆ ಹೆಣ್ಣಿಗೆ ತರುವ ಸಿಟ್ಟು ಎಂಥದ್ದು ಎಂದು ನಿಮ್ಮ ಮಗಳಿಗೆ ಇನ್ನು ನಾಲ್ಕೈದು ವರ್ಷದಲ್ಲಿ ಯಾರೂ ಹೇಳಿಕೊಡದೆ ತಿಳಿಯುತ್ತದೆ. ಆಗ ಸ್ತುತಿಗೆ ಯಾಕೆ ಕೋಪ ಎಂಬ ಪ್ರಶ್ನೆ ಅವಳಿಗೆ ಪ್ರಶ್ನೆಯಾಗಿ ಉಳಿಯುವುದಿಲ್ಲ.

‘ಸಮಾಧಾನಿ’ ಎಂಬ ಪದದ ಬಗ್ಗೆ ಸ್ವಲ್ಪ ನಿಲ್ಲಬೇಕು. ಈಗ ನಾವು ‘ಸಮಾಧಾನ ಮಾಡ್ಕೋ’ ಎನ್ನುವುದು ಸಾವಿನ ಮನೆಯಲ್ಲಿ, ಇಲ್ಲವೇ ಗಂಡನ ಮನೆಯಿಂದ ಅಳುತ್ತಾ ಬಂದ ಮಗಳಿಗೆ. ಸಹಿಸಿಕೋ, ಹೊಂದಿಕೊಂಡು ಹೋಗು ಎಂಬ ಅರ್ಥದಲ್ಲಿ. ಈ ವಚನವನ್ನು ಚೌಕಟ್ಟು ಹಾಕಿಸಿ ಸೊಸೆಯ ಕೈಗೆ ಕೊಟ್ಟ ಒಬ್ಬ ಹಿರಿಯರನ್ನು ನಾನು ಬಲ್ಲೆ. ಅಕ್ಕನ ಕಾಲಕ್ಕೆ ಸಮಾಧಾನ ಎಂಬುದು ಬೇರೆ ತೂಕದ ಪದ. ಶಮ, ದಮ, ಉಪರತಿ, ತಿತಿಕ್ಷೆ, ಶ್ರದ್ಧೆ, ಸಮಾಧಾನ ಎಂದು ವೇದಾಂತಿಗಳು ಎಣಿಸುವ ಆರರಲ್ಲಿ ಅದು ಒಂದು. ತಿತಿಕ್ಷೆ ಎಂದರೆ ತಾಳಿಕೊಳ್ಳುವುದು, ಅದು ಬೇರೆಯೇ ಲೆಕ್ಕ. ಸಮಾಧಾನ ಎಂದರೆ ಚಿತ್ತ ಒಂದೆಡೆ ನೆಲೆ ನಿಲ್ಲುವುದು. ಅರಮನೆಯ ಹೊಸ್ತಿಲು ದಾಟಿ ಬೀದಿಗಿಳಿದ ಹೆಂಗಸು ‘ಹೊಂದಿಕೊಂಡು ಹೋಗು’ ಎಂದು ಬೋಧಿಸುತ್ತಾಳೆ ಎಂದರೆ ನಾನಂತೂ ನಂಬಲಾರೆ. ಅವಳು ಬಿಡಬೇಕಾದ್ದನ್ನು ಬಿಟ್ಟಳು. ಬಿಟ್ಟು ನಡೆಯುವಾಗ ಬೀದಿಯವರು ಆಡಿದ ಮಾತಿಗೆ ಮನಸ್ಸನ್ನು ಕೊಡಲಿಲ್ಲ.

ಮಾತು ಯಾರಿಗೆ ಎಂಬುದನ್ನೂ ಮರೆಯಬಾರದು. ಲೋಕಕ್ಕೆ ಉಪದೇಶ ಎಂದು ಎಲ್ಲರೂ ಬರೆಯುತ್ತಾರೆ. ವಚನದಲ್ಲಿ ಕರೆದಿರುವುದು ಲೋಕವನ್ನಲ್ಲ, ‘ಚೆನ್ನಮಲ್ಲಿಕಾರ್ಜುನದೇವ ಕೇಳಯ್ಯಾ’. ಕೊನೆಯ ‘ಸಮಾಧಾನಿಯಾಗಿರಬೇಕು’ ಎಂಬುದಕ್ಕೆ ಕರ್ತೃಪದವೇ ಇಲ್ಲ. ನೀನು ಇರಬೇಕೋ, ನಾನು ಇರಬೇಕೋ, ಎಲ್ಲರೂ ಇರಬೇಕೋ ಹೇಳಿಲ್ಲ. ಕನ್ನಡ ಈ ಸೌಕರ್ಯ ಕೊಡುತ್ತದೆ. ನನಗೆ ಕೇಳಿಸುವುದು, ಕಷ್ಟಪಟ್ಟ ಒಬ್ಬಳು ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿರುವುದು, ಅವನು ಪಕ್ಕದಲ್ಲಿ ಕೂತು ಕೇಳುತ್ತಿರುವುದು. ಅವನಾದರೂ ಯಾರು? ಶ್ರೀಶೈಲದ ಮಲ್ಲಿಕಾರ್ಜುನ. ಬೆಟ್ಟದ ಮೇಲೆ ಮನೆ ಮಾಡಿದವನು! ಬೆಟ್ಟದ ಮೇಲೆ ಮನೆ ಮಾಡಿ ಮೃಗಕ್ಕೆ ಅಂಜಿದರೆ ಹೇಗಯ್ಯಾ ಎಂದು ಅವಳು ಕೇಳುವಾಗ ಅದರಲ್ಲಿ ಗಂಡನನ್ನು ಚುಡಾಯಿಸುವ ಸಲುಗೆಯೂ ಇರಬಹುದೇ? ಇದು ನನ್ನ ಅತಿ ಓದು ಎಂದು ಬಲ್ಲವರು ಬೈದರೂ ಬಿಡಲು ಮನಸ್ಸಿಲ್ಲ. ಪರೀಕ್ಷೆಯಲ್ಲಿ ಮಾತ್ರ ಬರೆಯುವುದು ಬೇಡ.

ಪರೀಕ್ಷೆಯ ಮಾತು ಬಂತಲ್ಲ. ಉಳಿದ ಒಂದು ಅಂಕ ಹೋದದ್ದು, ಅವಳು ಬೆಟ್ಟದಲ್ಲೇ ನಿಂತುಬಿಟ್ಟಳು, ಲೋಕದ ಸಾಲಿಗೆ ಬರಲೇ ಇಲ್ಲ ಎಂಬುದಕ್ಕೆ. ಆನೆಯ ಉದಾಹರಣೆಯನ್ನು ಬಿಡಲು ಹೇಳಬೇಡಿ. ಅದರ ಮೊದಲು ‘ಇವು ದೃಷ್ಟಾಂತಗಳು’ ಎಂದು ಒಂದು ಸಾಲು, ಅದರ ನಂತರ ‘ಆನೆ ಇರುವಲ್ಲಿ ಮನೆ ಮಾಡಿದವರು ಹೆದರಿಕೆಯ ನಡುವೆಯೂ ಬಾಳುವ ಹಾಗೆ, ಲೋಕದಲ್ಲಿ ಹುಟ್ಟಿದವರು ಹೊಗಳಿಕೆ ತೆಗಳಿಕೆಗಳ ನಡುವೆ ಮನಸ್ಸು ಕದಡದೆ ಬಾಳಬೇಕು’ ಎಂದು ಒಂದು ಸಾಲು ಸೇರಿಸಿದರೆ ಸಾಕಿತ್ತು. ಗೈಡನ್ನೇ ನಂಬುವ ಮೇಷ್ಟರು ಸಿಕ್ಕರೆ? ಅಂಥವರಿಗಾಗಿ ‘ಬೆಟ್ಟವನ್ನು ಅಹಂಕಾರದ ಸಂಕೇತವೆಂದು ಹೇಳುವವರೂ ಇದ್ದಾರೆ’ ಎಂದು ಮೂರನೆಯ ಸಾಲು. ಸುಳ್ಳೇನೂ ಅಲ್ಲ, ಹೇಳುವವರಿದ್ದಾರೆ.

ಇನ್ನು ಸಮುದ್ರ. ಪರಂಪರೆ ಹೇಳುವ ಅಕ್ಕನ ಊರುಗಳು ಉಡುತಡಿ, ಕಲ್ಯಾಣ, ಶ್ರೀಶೈಲ, ಮೂರೂ ಒಳನಾಡು. ಕಡಲು ಅವಳ ದಾರಿಯಲ್ಲಿ ಬರುವುದಿಲ್ಲ. ಆದರೆ ನಮ್ಮ ಜನ ದೊಡ್ಡ ಕೆರೆಯನ್ನೂ ಸಮುದ್ರ ಎಂದೇ ಕರೆದವರು. ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ, ಊರಿಗೆ ಆ ಹೆಸರು ಬಂದದ್ದೇ ಕೆರೆಯಿಂದ. ಅಕ್ಕನ ಕಥೆಯನ್ನು ರಗಳೆಯಾಗಿ ಬರೆದ ಹರಿಹರ ಹೊಯ್ಸಳರ ಆ ರಾಜಧಾನಿಯಲ್ಲಿ ಕರಣಿಕನಾಗಿದ್ದ ಎಂದು ಪ್ರತೀತಿ. ವಚನದ ಸಮುದ್ರ ಕಡಲೇ ಎಂದು ನನ್ನ ಎಣಿಕೆ, ನೊರೆತೆರೆ ಎಂಬ ಪದ ಆ ಕಡೆಗೇ ಎಳೆಯುತ್ತದೆ. ಆದರೂ ಕಡಲನ್ನು ಕಾಣದವಳು ಆ ಸಾಲು ಹೇಗೆ ಹೇಳಿಯಾಳು ಎಂದು ಮಗಳು ಹಟ ಹಿಡಿದರೆ, ಮಳೆಗಾಲ ಮುಗಿಯುವ ಹೊತ್ತಿಗೆ, ಕೆರೆ ತುಂಬಿ ಗಾಳಿ ಎದ್ದ ದಿನ ಹಳೇಬೀಡಿಗೆ ಕರೆದುಕೊಂಡು ಹೋಗಿ. ಗುಡಿ ನೋಡಿಕೊಂಡು ಬಂದು ಏರಿಯ ಮೇಲೆ ನಿಂತರೆ ಕೆಳಗೆ ಕಲ್ಲಿಗೆ ಅಲೆ ಬಡಿಯುವುದು ಕೇಳಿಸುತ್ತದೆ, ಅಂಚಿನಲ್ಲಿ ತೆಳ್ಳಗೆ ನೊರೆಯೂ ಕಟ್ಟಿರುತ್ತದೆ.